ಹುಬ್ಬಳ್ಳಿಯಲ್ಲಿ ಕೂತು ವಿದೇಶದಿಂದ ಡ್ರೈಸೂಟ್ ತರಿಸುವಾಗ: ಅಳತೆ, ಸೀಲು, ಜಿಪ್ಪು

ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡುವವರಿಗೆ ಡ್ರೈಸೂಟ್, ಅಂದರೆ ಒಳಗೆ ನೀರು ಬಾರದ ಡೈವಿಂಗ್ ಉಡುಪು, ಬೇಕಿಲ್ಲ. ಅಲ್ಲಿ ಸೀಸನ್ನಿನಲ್ಲಿ ನೀರು 27-29 ಡಿಗ್ರಿ ಇರುತ್ತದೆ, ನೀರು ಒಳಬಿಡುವ 3 ಮಿ.ಮೀ. ದಪ್ಪದ ವೆಟ್‌ಸೂಟೇ ಸಾಕು. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ಮಾತ್ರ ವರ್ಷಪೂರ್ತಿ 2ರಿಂದ 4 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ, ಹಾಗಾಗಿ 10-12 ಡಿಗ್ರಿಗಿಂತ ಕೆಳಗೆ ವೆಟ್‌ಸೂಟಿನಲ್ಲಿ ಅರ್ಧ ಗಂಟೆ ಕಳೆಯುವುದೇ ಕಷ್ಟ. ಸಿಲ್ಫ್ರಾಕ್ಕೆ ಒಂದೇ ಸಲ ಹೋಗಿಬರುವವರು ಅಲ್ಲೇ ಬಾಡಿಗೆಗೆ ಸಿಗುವ ಸೂಟ್ ಹಾಕಿಕೊಳ್ಳಲಿ. ಕೆಳಗೆ ಬರೆದದ್ದೆಲ್ಲ ವರ್ಷಕ್ಕೆ ಹತ್ತು-ಹದಿನೈದು ಡೈವ್ ತಣ್ಣೀರಿನಲ್ಲಿ ಮಾಡುವವರಿಗೆ.

ಬಹಳ ಜನ ಬಟ್ಟೆಯಿಂದ ಆಯ್ಕೆ ಶುರು ಮಾಡುತ್ತಾರೆ. ನಾನು ರಿಪೇರಿಯಿಂದ ಶುರು ಮಾಡಿದೆ. ಇಲ್ಲಿನ ಪಂಕ್ಚರ್ ಅಂಗಡಿಯವರು ಟ್ರ್ಯಾಕ್ಟರ್ ಟ್ಯೂಬನ್ನೇ ಹಚ್ಚಿ ಕೊಡಬಲ್ಲರು, ಆದರೆ ಕುತ್ತಿಗೆಯ ಸೀಲು (ನೀರು ನುಗ್ಗದಂತೆ ಮೈಗೆ ಬಿಗಿಯಾಗಿ ಕೂಡುವ ಪಟ್ಟಿ) ಕೂಡಿಸುವುದು ಬೇರೆಯೇ ಕೆಲಸ. ಸೂಟನ್ನು ಅಚ್ಚಿನ ಮೇಲೆ ಎಳೆದು, ಹಳೆಯ ಅಂಟು ಕೆರೆದು, ಹೊಸ ಅಂಟು ಹಚ್ಚಿ ಒಣಗಲು ಬಿಡಬೇಕು. ಅದಕ್ಕೋಸ್ಕರ ಸೂಟನ್ನು ವಿದೇಶಕ್ಕೆ ಕಳಿಸಿದರೆ ಹೋಗಿಬರುವ ಖರ್ಚೇ ಕೈ ಕಚ್ಚುತ್ತದೆ. ಆದ್ದರಿಂದ ಮನೆಯಲ್ಲಿ, ನನ್ನ ಕೈಯಲ್ಲಿ ಬದಲಾಯಿಸಲು ಬರುವಂಥ ಭಾಗಗಳಿದ್ದರೆ ಮಾತ್ರ ತಗೊಳ್ಳುವುದು ಎಂದು ಗೆರೆ ಎಳೆದುಕೊಂಡೆ.

ಸೀಲಿನಲ್ಲಿ ಮೂರು ಬಗೆ: ಲೇಟೆಕ್ಸ್, ನಿಯೋಪ್ರೀನ್, ಸಿಲಿಕೋನ್. ಲೇಟೆಕ್ಸ್ ಅಗ್ಗ, ಚೆನ್ನಾಗಿ ಹಿಗ್ಗುತ್ತದೆ. ಆದರೆ ಬಿಸಿಲು, ಓಜೋನ್, ಎಣ್ಣೆ ಮೂರೂ ಅದಕ್ಕೆ ವೈರಿ, ಕೆಲವೇ ವರ್ಷಕ್ಕೆ ಅಂಟಂಟಾಗಿ ಬಿರಿಯುತ್ತದೆ. ನಿಯೋಪ್ರೀನ್ ಬೆಚ್ಚಗಿರುತ್ತದೆ, ಬಾಳಿಕೆಯೂ ಹೆಚ್ಚು, ಹಾಕಿ ತೆಗೆಯುವುದು ಕಿರಿಕಿರಿ. ಸಿಲಿಕೋನ್ ಮೆತ್ತಗೆ, ಎಣ್ಣೆಗೆ ಹೆದರುವುದಿಲ್ಲ, ಆದರೆ ಒಂದು ಉಗುರು ತಾಗಿದರೆ ಸೀಳಿಬಿಡುತ್ತದೆ. ಮಾಮೂಲಿ ಅಂಟು ಅದಕ್ಕೆ ಹಿಡಿಯದ ಕಾರಣ ಸಿಲಿಕೋನ್ ಸೀಲು ಸಾಮಾನ್ಯವಾಗಿ ಗಟ್ಟಿ ರಿಂಗಿನ ಮೇಲೆ ಕೂಡುತ್ತದೆ. ನಮ್ಮಂಥ ದೂರದವರಿಗೆ ಇದೇ ವರ. ಹರಿದ ಸೀಲನ್ನು ಕಿತ್ತು, ರಿಂಗಿನ ಸಂದಿನಲ್ಲಿ ಹೊಸದನ್ನು ಒತ್ತಿ ಕೂಡಿಸಲು ಕಾಲು ಗಂಟೆ ಸಾಕು. ಸಿ-ಟೆಕ್ ಕಂಪನಿಯ ರಿಂಗುಗಳು ಹಲವು ತಯಾರಕರ ಸೂಟಿನಲ್ಲಿ ಬರುತ್ತವೆ, ಕುತ್ತಿಗೆಗೂ ಮಣಿಕಟ್ಟಿಗೂ ಅದನ್ನೇ ಕೇಳಿದೆ. ಆರ್ಡರಿನಲ್ಲೇ ಒಂದು ಕುತ್ತಿಗೆ ಸೀಲು, ಒಂದು ಜೊತೆ ಮಣಿಕಟ್ಟಿನ ಸೀಲು ಹೆಚ್ಚಿಗೆ ಸೇರಿಸಿ. ಆಮೇಲೆ ಬೇರೆಯಾಗಿ ತರಿಸಿದರೆ ಸೀಲಿನ ಬೆಲೆಗಿಂತ ಕೊರಿಯರ್ ಚಾರ್ಜೇ ಜಾಸ್ತಿ.

ಮಣಿಕಟ್ಟಿನ ರಿಂಗ್ ಹಿಗ್ಗುವುದಿಲ್ಲ ಎಂಬುದು ನೆನಪಿರಲಿ. ಬಳೆಗಾರ ಬಳೆ ಏರಿಸುವಾಗ ಹೆಬ್ಬೆರಳನ್ನು ಒಳಗೆ ಮಡಚಿ ಅಂಗೈ ಕಿರಿದು ಮಾಡುತ್ತಾನಲ್ಲ, ಹಾಗೆ ಮಾಡಿ ಗೆಣ್ಣಿನ ಮೇಲಿನ ಸುತ್ತಳತೆಯನ್ನೂ ಬರೆದು ಕಳಿಸಿ. ಮಣಿಕಟ್ಟಿನ ಅಳತೆಯೊಂದೇ ಸಾಲದು.

ಬಟ್ಟೆಗೆ ಬಂದರೆ, ನನ್ನದು ಟ್ರೈಲ್ಯಾಮಿನೇಟ್: ಎರಡು ಬಟ್ಟೆಯ ನಡುವೆ ಬ್ಯುಟೈಲ್ ರಬ್ಬರ್. ಹಗುರ, ಸುರುಳಿ ಸುತ್ತಿದರೆ ಬ್ಯಾಗಿನಲ್ಲಿ ಕೂಡುತ್ತದೆ, ಬೇಗ ಒಣಗುತ್ತದೆ, ತೂತು ಬಿದ್ದರೆ ತೇಪೆ ಹಚ್ಚಬಹುದು. ಆದರೆ ಅದಕ್ಕೆ ತನ್ನದೆಂಬ ಬಿಸಿಯಿಲ್ಲ, ಎಲ್ಲ ಬಿಸಿಯೂ ಒಳಸೂಟಿನದು. ನಿಯೋಪ್ರೀನ್ ಸೂಟ್ ತಾನೇ ಬೆಚ್ಚಗಿದ್ದರೂ ಆಳಕ್ಕೆ ಹೋದಂತೆ ಒತ್ತಿ ತೆಳುವಾಗುತ್ತದೆ. ಧಾರವಾಡದ ಜಡಿಮಳೆಯಲ್ಲಿ ಅದನ್ನು ಒಣಗಿಸುವುದಂತೂ ಬೇಡಪ್ಪ, ವಾರಗಟ್ಟಲೆ ತೇವ ಹಿಡಿದು ಬೂಸರು ಬರುತ್ತದೆ.

ಜಿಪ್ಪು ಎದೆಯ ಮೇಲೆ ಅಡ್ಡಲಾಗಿ ಇದ್ದರೆ ನಾವೇ ಎಳೆದುಕೊಳ್ಳಬಹುದು. ಬೆನ್ನಿನ ಜಿಪ್ಪಿಗೆ ಇನ್ನೊಬ್ಬರು ಬೇಕು. ಹಿತ್ತಾಳೆ ಜಿಪ್ಪು ಗಟ್ಟಿಯೇ, ಆದರೆ ಮಡಚಿದರೆ ಹಲ್ಲು ಸರಿದು ಅಲ್ಲಿಂದ ನೀರು ಬರುತ್ತದೆ. ಅದರ ಉದ್ದಕ್ಕೂ ಮೇಣ ಉಜ್ಜುತ್ತಿರಬೇಕು. ಟಿಜಿಪ್‌ನಂಥ ಪ್ಲಾಸ್ಟಿಕ್ ಜಿಪ್ಪಿಗೆ ಮೇಣ ಬೇಡ, ಮುಚ್ಚುವ ತುದಿಗೆ ಕಡಲೆಕಾಳಿನಷ್ಟು ಸಿಲಿಕೋನ್ ಗ್ರೀಸ್ ಹಚ್ಚಿದರೆ ಆಯಿತು. ಅಲ್ಲಿ ಒಣಗಿದ್ದರೆ ಎಳೆತ ಕೊನೆಯವರೆಗೆ ಹೋಗದೆ ಒಂದು ಕೂದಲೆಳೆ ಸಂದು ಉಳಿಯುತ್ತದೆ. 'ಸೂಟ್ ಸೋರುತ್ತದೆ' ಎಂಬ ದೂರುಗಳಲ್ಲಿ ಎಷ್ಟೋ ಇಷ್ಟೇ. ಸಿಲಿಕೋನ್ ಸ್ಪ್ರೇ ಮಾತ್ರ ಸೂಟಿನ ಹತ್ತಿರ ತರಬೇಡಿ, ಅದು ಬಿದ್ದ ಜಾಗಕ್ಕೆ ಮುಂದೆ ತೇಪೆ ಹಿಡಿಯುವುದಿಲ್ಲ.

ವಾಲ್ವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಳದಲ್ಲಿ ಸೂಟ್ ಮೈಗೆ ಒತ್ತದಂತೆ ಗಾಳಿ ತುಂಬುವುದು ಎದೆಯ ನಡುವೆ, ಬಿಡುವುದು ಎಡತೋಳಿನ ಮೇಲೆ. ಗಾಳಿಯ ಹೋಸ್ ಮಾತ್ರ ಸೂಟಿನ ಜೊತೆಗೇ ಕೇಳಿ, ಬಿಸಿಡಿಯ (ತೇಲುವಿಕೆ ಹೊಂದಿಸುವ ಜಾಕೆಟ್ಟಿನ) ಹೋಸಿನ ತುದಿ ಸೂಟಿನ ವಾಲ್ವಿಗೆ ಕೂಡುತ್ತದೆಂದು ನಂಬಬೇಡಿ.

ಈಗ ಅಳತೆ. ಒಳಸೂಟ್ ಮೊದಲು ಆರಿಸಿ, ಅದರ ದಪ್ಪವನ್ನು ತಯಾರಕರಿಗೆ ತಿಳಿಸಿ. 4 ಡಿಗ್ರಿಯ ನೀರಿಗೆ ಚದರ ಮೀಟರಿಗೆ 400 ಗ್ರಾಂನ ಥಿನ್ಸುಲೇಟ್ (ಬಿಸಿ ಹಿಡಿದಿಡುವ ನಾರಿನ ಪದರ), ಅದರೊಳಗೆ ಮೆರಿನೋ ಉಣ್ಣೆಯ ತೆಳು ಪದರ. ಹತ್ತಿ ಬನಿಯನ್ ಬೇಡ, ಬೆವರು ಕುಡಿದು ಮೈಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಉಣ್ಣೆ ಹಸಿಯಾದರೂ ಬೆಚ್ಚಗಿರುತ್ತದೆ ಎಂಬುದನ್ನು ಮಳೆಯಲ್ಲಿ ಕಂಬಳಿ ಹೊದ್ದು ನಿಲ್ಲುವ ಹಾವೇರಿ ಕಡೆಯ ಕುರಿಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಳತೆಯನ್ನು ನಾನು ದುರ್ಗದಬೈಲಿನ ಹತ್ತಿರದ ಟೇಲರ್ ಕೈಯಲ್ಲಿ ತೆಗೆಸಿದೆ. ಟೇಪು ಹಿಡಿಯುವ ಕೈ ಪಳಗಿದ್ದರೆ ಒಳ್ಳೆಯದೇ, ತೊಂದರೆಯೂ ಅದೇ ಪಳಗಿದ ಕೈಯಲ್ಲಿದೆ. ಟೇಲರ್ ಅಭ್ಯಾಸಬಲದಿಂದ ಸಡಿಲ ಸೇರಿಸಿ ಬರೆಯುತ್ತಾರೆ.

'ಸರ, ಎಷ್ಟ್ ಲೂಸ್ ಬಿಡ್ಲಿ?'

'ಏನೂ ಬಿಡಬ್ಯಾಡ್ರಿ. ಮೈಗೆ ಎಷ್ಟ್ ಐತಿ ಅಷ್ಟ ಬರೀರಿ.'

ಸಡಿಲ ಎಷ್ಟೆಂಬುದನ್ನು ತಯಾರಕರೇ ಲೆಕ್ಕ ಹಾಕುತ್ತಾರೆ. ಇಲ್ಲೊಮ್ಮೆ, ಅಲ್ಲೊಮ್ಮೆ ಸೇರಿದರೆ ಸೂಟ್ ಗೋಣಿಚೀಲವಾಗುತ್ತದೆ. ಟೇಪಿನ ಸೆಂ.ಮೀ. ಬದಿಯಲ್ಲೇ ಓದಿಸಿ. ನಲವತ್ತೊಂದೂವರೆ ಇಂಚನ್ನು ಮನೆಗೆ ಬಂದು 105.4 ಮಾಡುವಾಗ ತಪ್ಪುವುದು ಸುಲಭ. ಹಳೆಯ ಬಟ್ಟೆ ಟೇಪು ಎಳೆದು ಉದ್ದವಾಗಿರುತ್ತದೆ, ಉಕ್ಕಿನ ಟೇಪಿನ ಪಕ್ಕ ಇಟ್ಟು ನೋಡಿಕೊಳ್ಳಿ. ಎರಡು ಬೇರೆ ದಿನ ಅಳೆಸಿ, ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ಮೂರನೇ ಸಲ ಅಳೆಸಿ.

ಎದೆ, ಸೊಂಟ ಯಾರೂ ತಪ್ಪುವುದಿಲ್ಲ. ತಪ್ಪುವುದು ಭುಜದಿಂದ ಹೊರಟು ಕಾಲಸಂದಿಯಲ್ಲಿ ಹಾದು ಬೆನ್ನ ಮೇಲಿಂದ ಅದೇ ಭುಜಕ್ಕೆ ಬರುವ ಸುತ್ತಳತೆ. ಅಂಗಿ, ಪ್ಯಾಂಟಿಗೆ ಈ ಅಳತೆ ಇಲ್ಲವಾದ್ದರಿಂದ ಟೇಲರಿಗೆ ಚಿತ್ರ ತೋರಿಸಬೇಕು. ಇದು ಗಿಡ್ಡ ಬಂದರೆ ಕೈ ಎತ್ತಿ ಬೆನ್ನ ಹಿಂದಿನ ಸಿಲಿಂಡರ್ ವಾಲ್ವು ಮುಟ್ಟಲು ಆಗುವುದಿಲ್ಲ. ಉದ್ದವಾದರೆ ಹೊಟ್ಟೆಯ ಮಡಿಕೆಯಲ್ಲಿ, ಕಾಲಿನಲ್ಲಿ ಗಾಳಿ ಸೇರುತ್ತದೆ. ಕಾಲಿಗೆ ಗಾಳಿ ಹೋದವನು ತಲೆಕೆಳಗಾಗಿ ಮೇಲಕ್ಕೆ ಹಾರುತ್ತಾನೆ, ತೋಳಿನ ವಾಲ್ವು ಕೆಳಗಾದ್ದರಿಂದ ಗಾಳಿ ಬಿಡಲೂ ಬರುವುದಿಲ್ಲ. ಬೂಟಿನ ನಂಬರಿನಲ್ಲೂ ಎಚ್ಚರ: ನಮ್ಮ ಅಂಗಡಿಗಳ 8 ಬ್ರಿಟನ್ನಿನ 8, ಅಮೆರಿಕದ 9, ಯುರೋಪಿನಲ್ಲಿ ಸುಮಾರು 42. ನಂಬರ್ ಬಿಟ್ಟು, ದಪ್ಪ ಕಾಲುಚೀಲ ಹಾಕಿ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಸೆಂ.ಮೀ. ಬರೆಯಿರಿ.

ಹಣ ಕಟ್ಟುವ ಮುಂಚೆ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿ. ಕಸ್ಟಮ್ಸ್ ಸುಂಕ ಸೂಟಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ಐಜಿಎಸ್‌ಟಿ ಅದರ ಮೇಲೆ. ಬಿಲ್ಲಿನಲ್ಲಿ 'ಗಿಫ್ಟ್' ಎಂದು ಬರೆಸುವ ಬುದ್ಧಿವಂತಿಕೆ ಬೇಡ. ನಿಜವಾದ ಬೆಲೆಯ ಬಿಲ್ಲು, ಹಣ ಕಟ್ಟಿದ ದಾಖಲೆ, ಗುರುತಿನ ಚೀಟಿ ಕೊರಿಯರಿನವರು ಕೇಳಿದ ದಿನವೇ ಕೊಟ್ಟರೆ ಪಾರ್ಸೆಲ್ ಗೋದಾಮಿನಲ್ಲಿ ಕೊಳೆಯುವುದಿಲ್ಲ.

ಬಂದ ದಿನವೇ ಪರೀಕ್ಷಿಸಿ. ಮಣಿಕಟ್ಟಿನ ಸೀಲಿಗೆ ನುಣುಪಾದ ನೀರಿನ ಬಾಟಲಿ, ಕುತ್ತಿಗೆಗೆ ಪ್ಲಾಸ್ಟಿಕ್ ಚೆಂಡು ತುರುಕಿ, ತೋಳಿನ ವಾಲ್ವು ಬಿಗಿ ಮಾಡಿ, ಜಿಪ್ಪು ಎಳೆಯಿರಿ. ಒಳಗೆ ಉಳಿದ ಗಾಳಿಯನ್ನು ಕಾಲಿನ ಕಡೆಯಿಂದ ಹಾಸಿಗೆ ಸುತ್ತಿದಂತೆ ಸುತ್ತುತ್ತ ಮೇಲಕ್ಕೆ ತಂದರೆ ಎದೆಯ ಭಾಗ ಉಬ್ಬುತ್ತದೆ. ಸೋಪಿನ ನೀರು ಸವರಿ ಗುಳ್ಳೆ ನೋಡಿ. ಕಾಲಿಗೆ ಇನ್ನೊಂದು ಸಲ, ಮೇಲಿನಿಂದ ಸುತ್ತಿ. ಹಾಕಿ ನೋಡುವುದಾದರೆ ಬೆಳಗಿನ ತಂಪಿನಲ್ಲಿ ಹತ್ತೇ ನಿಮಿಷ: ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಹಿಂದಕ್ಕೆ ಚಾಚಿ. ಏಪ್ರಿಲ್‌ನ ಹುಬ್ಬಳ್ಳಿ ಮಧ್ಯಾಹ್ನ ಒಳಸೂಟ್ ಸಮೇತ ತೊಟ್ಟರೆ ತಲೆಸುತ್ತು ಖಂಡಿತ. ಕುತ್ತಿಗೆ ಸೀಲು ಬಿಗಿಯಾದರೂ ತಲೆ ಹಗುರಾಗುತ್ತದೆ, ಅಲ್ಲಿನ ರಕ್ತನಾಳ ಒತ್ತುತ್ತದೆ. ಸಡಿಲಿಸಲು ಸೀಲಿನ ಅಂಚು ಕತ್ತರಿಸುವುದಾದರೆ ಒಮ್ಮೆಗೆ ಒಂದೇ ಗೆರೆ, ಹೊಸ ಕತ್ತರಿಯಿಂದ, ನಡುವೆ ನಿಲ್ಲಿಸದೆ. ಕಚ್ಚು ಉಳಿದ ಜಾಗದಿಂದಲೇ ಸೀಲು ಹರಿಯುವುದು.

ಲೇಟೆಕ್ಸ್ ಸೀಲು ಇದ್ದವರಿಗೆ ಇಲ್ಲಿನ ಮನೆಗಳಲ್ಲಿ ಹಲವು ಅಪಾಯ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕುತ್ತಿಗೆಗೆ ಇಳಿದಿರುತ್ತದೆ, ಡೈವಿನ ಹಿಂದಿನ ದಿನದಿಂದಲೇ ಎಣ್ಣೆ ನಿಲ್ಲಿಸಿ. ತಾಮ್ರದ ಹಂಡೆಯಲ್ಲಿ ನೆನೆಹಾಕಬೇಡಿ, ತಾಮ್ರ ತಾಗಿದ ಲೇಟೆಕ್ಸ್ ಬೇಗ ಕೆಡುತ್ತದೆ. ಪ್ಲಾಸ್ಟಿಕ್ ಬಕೆಟ್ ಬಳಸಿ. ಸುವಾಸನೆಯ ಪೌಡರ್ ಬೇಡ, ಶುದ್ಧ ಟಾಲ್ಕ್ ಸಾಕು. ಬೋರಿನ ಗಡಸು ನೀರಿನಲ್ಲಿ ತೊಳೆದರೆ ವಾಲ್ವಿನಲ್ಲಿ ಬಿಳಿ ಹರಳು ಕೂರುತ್ತದೆ, ಕೊನೆಯ ಸಲ ನಳದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಪಂಪಿನ ಮೋಟಾರು ಇರುವ ಕೋಣೆಯಲ್ಲಿ ಇಡಬೇಡಿ, ಕಿಡಿಯಿಂದ ಓಜೋನ್ ಹುಟ್ಟುತ್ತದೆ. ನನ್ನ ಸೂಟ್ ಒಳಕೋಣೆಯ ಮಂಚದ ಕೆಳಗೆ, ಸುರುಳಿ ಸುತ್ತಿ, ಗಾಳಿಯಾಡುವ ಚೀಲದಲ್ಲಿದೆ. ನಾಗರ ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಬಿಚ್ಚಿ, ಸೀಲುಗಳನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಎಳೆದು, ಅಂಚಿನಲ್ಲಿ ಸೀಳು ಕಂಡರೆ ಆವತ್ತೇ ಬದಲಾಯಿಸುತ್ತೇನೆ.