ಟ್ಯೂಬಾಕ್ಕೆ ಹೊಸ ಮೌತ್‌ಪೀಸ್: ನಾನು ಆರಿಸಿಕೊಂಡ ಬಗೆ

ಮಡಿಕೇರಿಯ ಒಂದು ಬ್ಯಾಂಡ್ ಸೆಟ್‌ನಲ್ಲಿ ಟ್ಯೂಬಾ, ಅಂದರೆ ಅತಿ ಕೆಳಗಿನ ಸ್ವರಗಳ ದೊಡ್ಡ ಹಿತ್ತಾಳೆ ಊದುವಾದ್ಯ, ನುಡಿಸುತ್ತೇನೆ. ಮದುವೆ, ಚರ್ಚ್ ಹಬ್ಬದ ಮೆರವಣಿಗೆ, ದಸರಾ, ಎಲ್ಲ ಹೆಚ್ಚಾಗಿ ಬಯಲಲ್ಲೇ, ಅದೂ ಏರು ರಸ್ತೆಯಲ್ಲಿ ನಡೆದುಕೊಂಡು. ಹಳೇ ಮೌತ್‌ಪೀಸಿನ, ಅಂದರೆ ತುಟಿ ಇಟ್ಟು ಊದುವ ಬಿಡಿ ಭಾಗದ, ರಿಮ್ (ತುಟಿ ಒತ್ತುವ ಅಂಚು) ಮೇಲೆ ಬೆಳ್ಳಿ ಲೇಪ ಸವೆದು ಹಿತ್ತಾಳೆ ಕಾಣತೊಡಗಿತ್ತು. ತುಟಿ ಉರಿಯುತ್ತಿತ್ತು. ಹೊಸದು ಬೇಕೇ ಬೇಕು ಅಂತಾಯಿತು.

ಮೊದಲು ನೋಡಿದ್ದು ಶ್ಯಾಂಕ್, ಅಂದರೆ ವಾದ್ಯದೊಳಗೆ ಕೂರುವ ಬಾಲ. ಅಮೆರಿಕನ್ ಅಳತೆಯದು ಸ್ವಲ್ಪ ಸಣ್ಣ, ಯುರೋಪಿನದು ದಪ್ಪ. ಹಾಕಿ ಮೆಲ್ಲಗೆ ತಿರುಗಿಸಿದರೆ ಹಿಡಿದು ನಿಲ್ಲಬೇಕು, ಒಂಚೂರೂ ಅಲ್ಲಾಡಬಾರದು. ದಪ್ಪ ಇದ್ದರೆ ಲೇತ್‌ನಲ್ಲಿ ಕಡಿಸಬಹುದು, ಸಣ್ಣ ಇದ್ದರೆ ಏನು ಮಾಡ್ತೀರಿ? ಅಂಥದ್ದನ್ನು ಅಲ್ಲೇ ಬಿಟ್ಟೆ.

ಆಮೇಲೆ ಕಪ್, ಅಂದರೆ ರಿಮ್ಮಿನ ಒಳಗಿನ ಬಟ್ಟಲು. ನನ್ನ ಮುಂದಿದ್ದವು ಬಾಕ್ ಕಂಪನಿಯ 24ಎಡಬ್ಲ್ಯೂ ಮತ್ತು 18, ಕಾನ್ ಕಂಪನಿಯ ಹೆಲೆಬರ್ಗ್. ಬಾಕ್‌ನಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಪ್ ಸಣ್ಣದಾಗುತ್ತದೆ: 24ಎಡಬ್ಲ್ಯೂನ ಕಪ್ ಅಡ್ಡಗಲ 31.25 ಮಿ.ಮೀ., 18 ಆದರೆ 32.50. ಒಂದೂಕಾಲು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ ಅಲ್ವಾ, ತುಟಿಗೆ ತಕ್ಷಣ ಗೊತ್ತಾಗುತ್ತದೆ. 24ಎಡಬ್ಲ್ಯೂನ ರಿಮ್ ಅಗಲ, ಮೆತ್ತಗಿದ್ದ ಹಾಗೆ, ಎಷ್ಟು ಹೊತ್ತು ಒತ್ತಿ ಹಿಡಿದರೂ ಹಿತ. ಹೆಲೆಬರ್ಗ್ ಒಳಗೆ ಆಲಿಕೆ ಥರ ಇಳಿಜಾರು, ಕೆಳಗಿನ ಸ್ವರಗಳು ತುಂಬಿಕೊಂಡು ಬರುತ್ತವೆ, ನನಗಂತೂ ತುಂಬಾ ಇಷ್ಟವಾಯಿತು, ಆದರೆ ಅದು ಉಸಿರನ್ನೂ ಅಷ್ಟೇ ಕೇಳುತ್ತದೆ.

ಸುಮ್ನೆ ಕೋಣೆಯಲ್ಲಿ ಕೂತು ಊದಿ ನಿರ್ಧಾರ ಮಾಡಬೇಡಿ. ನಾನು ಮೂರನ್ನೂ ಮೈದಾನಕ್ಕೆ ಒಯ್ದೆ. ನಮ್ಮ ಬ್ಯಾಂಡಿನಲ್ಲಿ ಯುಫೋನಿಯಂ (ಟ್ಯೂಬಾದ್ದೇ ಥರದ ಚಿಕ್ಕ ವಾದ್ಯ) ನುಡಿಸುವ ಅಣ್ಣನನ್ನು ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದೆ, ಯಾವುದು ಯಾವುದೆಂದು ಹೇಳಲಿಲ್ಲ. ಪ್ರತಿಯೊಂದರಲ್ಲೂ ಅದೇ ಮೂರು ಕೆಲಸ: ಅತಿ ಕೆಳಗಿನ ಬಿ ಫ್ಲ್ಯಾಟ್ ಅನ್ನು ಮೆಲ್ಲಗೆ, ನಾಲಿಗೆಯ ಒತ್ತಿಲ್ಲದೆ ಶುರು ಮಾಡುವುದು, ಮೆರವಣಿಗೆಯ ಮಾರ್ಚ್ ಸಂಗೀತದ ಬಾಸ್ (ಕೆಳಸ್ವರದ) ಗತಿ, ಕೊನೆಗೆ ಜೋರಾಗಿ ಒಂದು ಉದ್ದ ಸ್ವರ. ನನ್ನ ಕಿವಿಗೆ ಹೆಲೆಬರ್ಗ್ ದೊಡ್ಡದಾಗಿ ಕೇಳಿಸಿತು. ಅವರು ಮಾತ್ರ "ಎರಡನೇದರಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳ್ತದೆ, ಉಳಿದದ್ದು ಗುಂಯ್ ಅಂತದೆ" ಅಂದರು. ಎರಡನೇದು 18. ನಡೆಯುವವರು ಹೆಜ್ಜೆ ಹಾಕುವುದೇ ಬಾಸ್ ಕೇಳಿಕೊಂಡು, ಹಾಗಾಗಿ ನಾನೂ ಅದನ್ನೇ ತಗೊಂಡೆ. ಸಭಾಂಗಣದಲ್ಲಿ ಕೂತು ನುಡಿಸುವವನಾಗಿದ್ದರೆ ಹೆಲೆಬರ್ಗ್ ಬಿಡುತ್ತಿರಲಿಲ್ಲ.

ತಂದ ದಿನದಿಂದ ಹಳೆಯದನ್ನು ಮುಟ್ಟಿಲ್ಲ. ಅದೊಂದು ಸಲ ಇದೊಂದು ಸಲ ಅಂತ ಬದಲಾಯಿಸುತ್ತಿದ್ದರೆ ತುಟಿ ಯಾವುದಕ್ಕೂ ಒಗ್ಗುವುದಿಲ್ಲ. ಇನ್ನೊಂದು, ನಮ್ಮ ಚಳಿಯ ಬೆಳಗ್ಗೆ ಲೋಹ ತುಟಿಗೆ ಕೊರೆಯುತ್ತದೆ. ಮೌತ್‌ಪೀಸನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಹೋಗಿ. ವಾದ್ಯ ತಣ್ಣಗಿದ್ದರೆ ಶ್ರುತಿ ಇಳಿದಿರುತ್ತದೆ, ಸ್ವರ ಹೊರಡಿಸದೆ ಒಳಗೆ ಬಿಸಿ ಉಸಿರು ಬಿಟ್ಟು ಬೆಚ್ಚಗಾಗಿಸಿ, ಶ್ರುತಿ ಸರಿಮಾಡಲು ಎಳೆಯುವ ಕೊಳವೆಗೆ, ಅಂದರೆ ಟ್ಯೂನಿಂಗ್ ಸ್ಲೈಡ್‌ಗೆ, ಆಮೇಲೆ ಕೈ ಹಾಕಿ.