ಮಲೇಷ್ಯಾದಲ್ಲಿ ಸಸ್ಯಾಹಾರಿ ಊಟ: ಬೀದಿಯಲ್ಲಿ ತಿಂದದ್ದು, ಮನೆಯಲ್ಲಿ ಬೇಯಿಸಿದ್ದು

ಕೆಲಸಕ್ಕೆಂದು ಕೌಲಾಲಂಪುರಕ್ಕೆ ಹೊಸದಾಗಿ ಬರುವ ಕನ್ನಡಿಗರು, ಅದರಲ್ಲೂ ಮಾಂಸ ಮುಟ್ಟದವರು, ನನ್ನನ್ನು ಮೊದಲು ಕೇಳುವುದು ಭಾರತದ ದಿನಸಿ ಎಲ್ಲಿ ಸಿಗುತ್ತದೆ ಎಂದು. ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಎನ್ನುತ್ತೇನೆ. ತೊಗರಿಬೇಳೆ, ಉದ್ದಿನಬೇಳೆ, ರಾಗಿಹಿಟ್ಟು, ಹಿಂಗು, ಗಟ್ಟಿ ಮೊಸರು ಎಲ್ಲವೂ ಅಲ್ಲಿದೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಅಲ್ಲಿಂದ ಬೇಳೆ, ಹಿಟ್ಟು, ಮಸಾಲೆ ತನ್ನಿ, ಸಾಕು. ಸೊಪ್ಪು, ಕಾಯಿ, ಹುಳಿ, ತರಕಾರಿಗೆ ನಿಮ್ಮ ಬಡಾವಣೆಯ ಬೆಳಗಿನ ಮಾರುಕಟ್ಟೆಗೇ ಹೋಗಿ, ವಾರಕ್ಕೆರಡು ಹೊತ್ತಾದರೂ ಬೀದಿಯಲ್ಲಿ ತಿನ್ನಿ. ಊರಿನಿಂದ ಹೊತ್ತು ತಂದ ಪೊಟ್ಟಣಗಳನ್ನೇ ಬಿಸಿ ಮಾಡಿಕೊಂಡು ವರ್ಷಗಟ್ಟಲೆ ಇಲ್ಲಿ ಇದ್ದುಹೋದವರನ್ನು ಕಂಡಿದ್ದೇನೆ. ಇಷ್ಟು ಸಮೃದ್ಧವಾಗಿ ಉಣ್ಣುವ ನಾಡಿನಲ್ಲಿ ಹಾಗೆ ಬದುಕಬೇಕಾಗಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಾನು ಶಿರಸಿ ಕಡೆಯವಳು. ಗಂಡನ ಕೆಲಸದ ನಿಮಿತ್ತ ಬಂದು ಪೆಟಾಲಿಂಗ್ ಜಯದಲ್ಲಿ ಮನೆ ಮಾಡಿದ್ದೇವೆ. ನನ್ನ ಅಡುಗೆಮನೆಗೆ ಈ ದೇಶವನ್ನು ಕರೆತಂದದ್ದು ಬೆಳಗಿನ ಮಾರುಕಟ್ಟೆ. ಇಲ್ಲಿ ಅದನ್ನು ಪಸಾರ್ ಪಾಗಿ ಎನ್ನುತ್ತಾರೆ. ಏಳು ಗಂಟೆಗೆ ಹೋದರೆ ಎಲ್ಲವೂ ತಾಜಾ, ಹತ್ತರ ಮೇಲೆ ಹೋದರೆ ಒಳ್ಳೆಯ ಸೊಪ್ಪು ಖಾಲಿ. ಮಲಯ ಹೆಂಗಸರು ನೆಲಕ್ಕೆ ಹಾಳೆ ಹಾಸಿ ಹರಡಿಕೊಂಡ ಸೊಪ್ಪಿನ ಕಟ್ಟುಗಳನ್ನು ಮೊದಲ ಸಲ ಬಗ್ಗಿ ನೋಡಿದಾಗ ಕೈಗೆ ಬಂದದ್ದು ಒಂದೆಲಗ. ಇಲ್ಲಿಯವರ ಬಾಯಲ್ಲಿ ಅದು ಪೆಗಾಗಾ. ಹಸಿಯಾಗಿಯೇ ಸಾಂಬಲ್ ಎಂಬ ಮೆಣಸಿನ ಚಟ್ನಿಗೆ ಅದ್ದಿ ಅನ್ನದ ಜೊತೆ ತಿನ್ನುತ್ತಾರೆ. ಹೀಗೆ ಹಸಿಯಾಗಿ ತಿನ್ನುವ ಸೊಪ್ಪು, ಕಾಯಿಗಳಿಗೆಲ್ಲ ಒಟ್ಟಾಗಿ ಉಲಾಮ್ ಎಂದು ಹೆಸರು; ಚೌಕದ ಅವರೆ, ಪೆತಾಯ್ ಎಂಬ ಕಟುವಾಸನೆಯ ಕಾಳು, ಉಲಾಮ್ ರಾಜಾ ಎಂಬ ಮಾವಿನಕಾಯಿಯ ಘಮದ ಎಲೆ ಎಲ್ಲವೂ ಅದರಲ್ಲಿ ಸೇರುತ್ತವೆ. ನಾನು ಅರ್ಧ ಕಟ್ಟು ಪೆಗಾಗಾವನ್ನು ತಂಬುಳಿಗೆ ಇಟ್ಟುಕೊಂಡು ಉಳಿದದ್ದರಲ್ಲಿ ಕೆರಾಬು ಮಾಡುತ್ತೇನೆ. ಸಣ್ಣ ಈರುಳ್ಳಿ, ಹಸಿಮೆಣಸು, ನಿಂಬೆರಸ, ಹುರಿದು ಕುಟ್ಟಿದ ತೆಂಗಿನ ತುರಿ ಹಾಕಿ ಕಲಸಿದರೆ ಮುಗಿಯಿತು. ಇಲ್ಲಿಯವರು ಹಾಕುವ ಒಣಸಿಗಡಿಯನ್ನು ಬಿಟ್ಟರೂ ರುಚಿ ಬಡವಾಗುವುದಿಲ್ಲ, ಏಕೆಂದರೆ ಕೆಲಸ ಮಾಡುವುದು ಆ ಹುರಿದ ತೆಂಗು. ಅದಕ್ಕೆ ಕೆರಿಸಿಕ್ ಎನ್ನುತ್ತಾರೆ. ತುರಿಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಬಿಸಿಯಾಗಿರುವಾಗಲೇ ಒರಳಿನಲ್ಲಿ ಜಜ್ಜಬೇಕು. ಎಣ್ಣೆ ಬಿಟ್ಟು ಮುದ್ದೆಯಾಗುವ ಹೊತ್ತಿಗೆ ಮನೆಯೆಲ್ಲ ಪರಿಮಳ.

ತೆಂಗಿನಕಾಯಿಯ ಅಂಗಡಿಯವರಿಗೆ ಗಿರಾಕಿ ಏನು ಬೇಯಿಸಲು ಹೊರಟಿದ್ದಾರೆಂದು ತಿಳಿದಿರಬೇಕು. ಹಾಲು ಹಿಂಡುವುದಕ್ಕೋ, ಸಿಹಿತಿಂಡಿಗೋ ಎಂದು ಕೇಳುತ್ತಾರೆ. ಸಿಹಿತಿಂಡಿಗೆ ಎಂದರೆ ಕಾಯಿಯ ಕಂದು ಸಿಪ್ಪೆಯನ್ನು ಹೆರೆದು ಹಾಲಿನಂತೆ ಬೆಳ್ಳಗಿನ ತುರಿ ಕೊಡುತ್ತಾರೆ. ಸಾಂತನ್, ಅಂದರೆ ಕಾಯಿಹಾಲು, ಬೇಕೆಂದರೆ ಯಂತ್ರದಲ್ಲಿ ಅಲ್ಲೇ ಹಿಂಡಿ ಚೀಲಕ್ಕೆ ತುಂಬಿಸುತ್ತಾರೆ. ಅಂಗಡಿಯ ಡಬ್ಬಿಯ ಸಾಂತನ್ ಬಳಸುವುದನ್ನು ನಾನು ಎಂದೋ ಬಿಟ್ಟೆ. ಪಕ್ಕದಲ್ಲೇ ಅರಿಶಿನದ ಎಲೆಯೂ ಸಿಗುತ್ತದೆ. ಮಲಯರು ಅದನ್ನು ಎಳೆ ಎಳೆಯಾಗಿ ಹೆಚ್ಚಿ, ಕಾಯಿಹಾಲಿನಲ್ಲಿ ಬತ್ತಿಸಿ ಮಾಡುವ ರೆಂಡಾಂಗ್ ಎಂಬ ಮಸಾಲೆ ಅಡುಗೆಗೆ ಹಾಕುತ್ತಾರೆ. ನಾನು ಹತ್ತಿಪ್ಪತ್ತು ಎಲೆ ಒಟ್ಟಿಗೆ ಕೊಂಡಾಗ ಸೊಪ್ಪಿನ ಮಕ್‌ಚಿಕ್ ಬೆರಗಾದರು. ಇಲ್ಲಿ ವಯಸ್ಸಾದ ಮಲಯ ಹೆಂಗಸರನ್ನು ಮಕ್‌ಚಿಕ್ ಎಂದೇ ಕರೆಯಬೇಕು. "ಎಷ್ಟು ಜನಕ್ಕೆ ರೆಂಡಾಂಗ್ ಮಾಡುತ್ತೀಯಮ್ಮಾ?" ಎಂದು ಕೇಳಿದರು. ನಾಗರ ಪಂಚಮಿಗೆ ಅಕ್ಕಿಹಿಟ್ಟು ಸವರಿ, ಕಾಯಿ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸುವ ಕಡುಬಿನ ಬಗ್ಗೆ ನನಗೆ ಬರುವಷ್ಟು ಮಲಯದಲ್ಲಿ ವಿವರಿಸಿದೆ. ಆಮೇಲಿನ ವರ್ಷಗಳಲ್ಲಿ ಮೊದಲೇ ಹೇಳಿಟ್ಟರೆ ಹರಿಯದ ಅಗಲ ಎಲೆಗಳನ್ನು ಅವರೇ ಆರಿಸಿ ತರುತ್ತಾರೆ.

ಹುಳಿಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಉಪ್ಪಾಗೆಯ ಹತ್ತಿರದ ಸಂಬಂಧಿ ಇಲ್ಲಿಯ ಆಸಾಮ್ ಗೆಲುಗುರ್. ತೆಳ್ಳಗೆ ಸೀಳಿ ಒಣಗಿಸಿದ ಹೋಳುಗಳನ್ನು ಆಸಾಮ್ ಕೆಪಿಂಗ್ ಎಂದು ಮಾರುತ್ತಾರೆ. ಎರಡು ಹೋಳು ಹಾಕಿದರೆ ಒಂದು ಪಾತ್ರೆ ಸಾರಿಗೆ ಸಾಕು. ಹುಣಸೆಯಷ್ಟು ಗಾಢವಲ್ಲ, ಸಾರು ತಿಳಿಯಾಗಿಯೇ ಉಳಿಯುತ್ತದೆ.

ಇನ್ನು ಹೊರಗಿನ ಊಟ. ಸಸ್ಯಾಹಾರಿಗೆ ಇಲ್ಲಿ ಮಾಂಸದ ತುಂಡನ್ನು ತಪ್ಪಿಸುವುದು ಸುಲಭ. ಕಷ್ಟವಾಗುವುದು ಕಣ್ಣಿಗೆ ಬೀಳದೆ ಕರಗಿಹೋದದ್ದನ್ನು ತಪ್ಪಿಸುವುದು. ಬೆಲಾಚಾನ್ ಎಂದರೆ ಸಿಗಡಿಯನ್ನು ಹುದುಗಿಸಿ ಒಣಗಿಸಿದ ಮುದ್ದೆ. ಸಾಂಬಲ್‌ನಲ್ಲಿ, ಹುರಿದ ಕಾಂಗ್ಕುಂಗ್ ಸೊಪ್ಪಿನಲ್ಲಿ, ಕೆಲವು ಕಡೆ ಹುರಿದ ಅನ್ನದಲ್ಲೂ ಇರುತ್ತದೆ. ಈಕಾನ್ ಬಿಲಿಸ್ ಎಂಬ ಪುಟ್ಟ ಒಣಮೀನನ್ನು ಸಾರು ಕುದಿಸಲು ಬಳಸುತ್ತಾರೆ. ಚೀನೀ ಗಾಡಿಗಳಲ್ಲಿ ನೂಡಲ್ಸ್ ಹುರಿಯುವುದು ಹಂದಿಯ ಕೊಬ್ಬಿನಲ್ಲಿ ಆಗಿರಬಹುದು. ಆದ್ದರಿಂದ "ನಾನು ಸಸ್ಯಾಹಾರಿ" ಎಂಬ ಒಂದು ಮಾತಿಗೆ ನಾನು ನಿಲ್ಲುವುದಿಲ್ಲ. ಮೀನು ಬೇಡ, ಸಿಗಡಿ ಬೇಡ, ಬೆಲಾಚಾನ್ ಬೇಡ ಎಂದು ಒಂದೊಂದನ್ನೂ ಹೆಸರಿಸುತ್ತೇನೆ. "ತಾಕ್ ಮಾವು ಈಕಾನ್, ತಾಕ್ ಮಾವು ಉದಾಂಗ್, ತಾಕ್ ಮಾವು ಬೆಲಾಚಾನ್." ಇಷ್ಟು ಮಲಯ ಬಾಯಿಪಾಠವಾದರೆ ಅರ್ಧ ದೇಶ ನಿಮ್ಮದು. ಹೇಳಿದರೆ ಬೇಸರಪಡುವವರನ್ನು ನಾನು ಕಂಡಿಲ್ಲ. ಇದರಲ್ಲಿ ಅದು ಇದೆ, ತಿನ್ನಬೇಡಿ ಎಂದು ವ್ಯಾಪಾರ ಬಿಟ್ಟು ಎಚ್ಚರಿಸಿದವರೇ ಹೆಚ್ಚು. ಧರ್ಮಕ್ಕೆ ತಕ್ಕಂತೆ ಊಟದ ಕಟ್ಟುಪಾಡು ಇಟ್ಟುಕೊಂಡವರ ಮಧ್ಯೆಯೇ ಬೆಳೆದ ಜನ ಇವರು, ಇನ್ನೊಬ್ಬರ ಕಟ್ಟುಪಾಡನ್ನೂ ಗೌರವದಿಂದಲೇ ಕೇಳಿಸಿಕೊಳ್ಳುತ್ತಾರೆ.

ಬೆಳಗಿನ ತಿಂಡಿಗೆ ಮಾಮಾಕ್ ಅಂಗಡಿ. ತಮಿಳು ಮುಸ್ಲಿಮರ ಈ ಹೋಟೆಲುಗಳಲ್ಲಿ ಎಷ್ಟೋ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತವೆ. ರೋಟಿ ಚನಾಯ್ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಎಣ್ಣೆಯಲ್ಲಿ ನೆನೆದ ಮೈದಾ ಉಂಡೆಯನ್ನು ಅಂಗೈಯಿಂದ ತಟ್ಟಿ, ಅಂಚು ಹಿಡಿದು ಗಾಳಿಯಲ್ಲಿ ಬೀಸಿ ಕಲ್ಲಿನ ಮೇಲೆ ಹರಡುತ್ತಾರೆ. ಆ ಕಡೆಯ ಅಕ್ಷರ ಈ ಕಡೆ ಕಾಣುವಷ್ಟು ತೆಳ್ಳಗಾದ ಮೇಲೆ ಮಡಿಸಿ ಕಾವಲಿಗೆ ಹಾಕುತ್ತಾರೆ. ಬೆಂದ ಮೇಲೆ ಎರಡೂ ಕೈಯಿಂದ ಪಕ್ಕಗಳನ್ನು ಒತ್ತಿ ಅಪ್ಪಳಿಸಿದಾಗ ಪದರಗಳು ಬಿಡಿಸಿಕೊಳ್ಳುತ್ತವೆ. ಹಿಟ್ಟಿಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ, ಅದನ್ನು ಕೇಳಿಕೊಳ್ಳಬೇಕು. ಜೊತೆಗೆ ಬೇಳೆಯ ಸಾರನ್ನಷ್ಟೇ ಹಾಕಿ ಎಂದೂ ಹೇಳಬೇಕು, ಇಲ್ಲವಾದರೆ ಮೀನಿನ ಸಾರನ್ನೂ ಅದೇ ತಟ್ಟೆಗೆ ಸುರಿಯುತ್ತಾರೆ. ಬಡಿಸುವವರನ್ನು "ಬಾಸ್" ಎಂದೋ "ಅಣ್ಣೇ" ಎಂದೋ ಕರೆಯುವುದು ವಾಡಿಕೆ. ತೇ ತಾರಿಕ್ ತರಿಸುವಾಗ "ಕುರಾಂಗ್ ಮಾನಿಸ್", ಅಂದರೆ ಸಿಹಿ ಕಡಿಮೆ, ಎನ್ನುವುದನ್ನು ಮರೆಯಬೇಡಿ, ಗಟ್ಟಿ ಸಿಹಿಹಾಲಿನ ಆ ಚಹಾ ನಮ್ಮ ನಾಲಿಗೆಗೆ ಬಹಳ ಸಿಹಿ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಮಲೇಷ್ಯಾದ ಬೆಳಗಿನ ಉಪಾಹಾರದ ಸಂಸ್ಕೃತಿಯನ್ನು ಸೇರಿಸಿತು. ನಾಸಿ ಲೆಮಾಕ್ ಎಂಬ ಕಾಯಿಹಾಲಿನ ಅನ್ನ, ರೋಟಿ ಚನಾಯ್, ತೇ ತಾರಿಕ್ ಮೂರನ್ನೂ ಹೆಸರಿಸಿ ಸೇರಿಸಿದ್ದು. ಮಲಯ, ಚೀನೀ, ತಮಿಳು ಮಂದಿ ಒಂದೇ ಸೂರಿನಡಿ ತಿನ್ನುತ್ತ ಕೂತ ಯಾವುದೇ ಬೆಳಗನ್ನು ನೋಡಿದವರಿಗೆ ಆ ಗೌರವ ಸರಿಯಾದದ್ದೆಂದು ತಿಳಿಯುತ್ತದೆ.

ನಮ್ಮವರಿಗೆ ಗೊತ್ತೇ ಇಲ್ಲದ, ಗೊತ್ತಾದರೆ ಬಿಡದ ಜಾಗವೊಂದಿದೆ: ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿ. ಹಳದಿ ಫಲಕ, ಎಷ್ಟೋ ಕಡೆ ಅದರ ಮೇಲೆ ಸ್ವಸ್ತಿಕದ ಗುರುತು. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಊರಿನಿಂದ ಬಂದ ಅತ್ತೆಯವರನ್ನು ನಾನು ನಿಶ್ಚಿಂತೆಯಿಂದ ಕರೆದೊಯ್ದದ್ದು ಇಂಥ ಕಡೆಗೇ. ಹತ್ತಿಪ್ಪತ್ತು ತಟ್ಟೆಗಳಲ್ಲಿ ಪಲ್ಯಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹಾಗಲ, ಬದನೆ, ಕುಂಬಳ, ಹುರಿದ ತೋಫು, ಅಣಬೆ, ಹುಳಿಹಾಕಿದ ಸಾಸಿವೆ ಸೊಪ್ಪು. ಅನ್ನದ ತಟ್ಟೆ ಹಿಡಿದು ಬೇಕಾದ್ದನ್ನು ಬಡಿಸಿಕೊಂಡು ಹೋದರೆ ಗಲ್ಲಾದಲ್ಲಿರುವ ಆಂಟಿ ಒಂದು ನೋಟ ನೋಡಿ ಬೆಲೆ ಹೇಳುತ್ತಾರೆ. ತೂಕವಿಲ್ಲ, ಲೆಕ್ಕವಿಲ್ಲ. ಮಾಂಸದಂತೆ ಕಾಣುವ ತುಂಡುಗಳೂ ಇರುತ್ತವೆ. ಅವು ಸೋಯಾ, ಗೋಧಿಯ ಅಂಟಿನಿಂದ ಮಾಡಿದವು. ನನಗೆ ಅವು ಸೇರುವುದಿಲ್ಲ, ತರಕಾರಿಯ ಕಡೆಗೇ ಕೈ ಹೋಗುತ್ತದೆ.

ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ ಸಸ್ಯಾಹಾರ ಮಾಡುವ ಚೀನೀಯರು ಬಹಳ. ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನಗಳಲ್ಲಿ ಮಾಮೂಲಿ ಅಂಗಡಿಗಳಲ್ಲೂ ಸಸ್ಯಾಹಾರ ಸಿಗುವುದುಂಟು. ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಕನ್ನಡ ಕ್ಯಾಲೆಂಡರನ್ನೇ ನೋಡಿ ಹೊರಗೆ ಊಟಕ್ಕೆ ಹೋಗುವ ದಿನವನ್ನು ಗೊತ್ತುಮಾಡುತ್ತೇನೆ. ಅವರ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ನಡೆಯುವ ನವ ಚಕ್ರವರ್ತಿ ದೇವರ ಉತ್ಸವವಂತೂ ಹಬ್ಬವೇ. ಹಲವು ವರ್ಷ ಅದು ನಮ್ಮ ನವರಾತ್ರಿಯ ದಿನಗಳಿಗೇ ಕೂಡಿಬರುತ್ತದೆ, 2023, 2024ರಲ್ಲಿ ಹಾಗೆಯೇ ಬಂತು. ಪೆನಾಂಗ್‌ನಲ್ಲೂ ಕೌಲಾಲಂಪುರದ ಪಕ್ಕದ ಅಂಪಾಂಗ್‌ನಲ್ಲೂ ದೇವಸ್ಥಾನದ ಸುತ್ತಮುತ್ತ ಹಳದಿ ಬಾವುಟ ಕಟ್ಟಿದ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಉಳಿದ ದಿನಗಳಲ್ಲಿ ದೂರದಿಂದ ನೋಡಿ ಬಿಡಬೇಕಾದ ಹುರಿದ ನೂಡಲ್ಸ್, ಲಕ್ಸಾ ಎಂಬ ಸಾರಿನ ನೂಡಲ್ಸ್, ಕರಿದ ತಿಂಡಿಗಳೆಲ್ಲ ಆಗ ಸಸ್ಯಾಹಾರವಾಗಿ ಸಿಗುತ್ತವೆ.

ರಾತ್ರಿ ಸಂತೆಗೆ, ಪಸಾರ್ ಮಾಲಾಮ್‌ಗೆ, ಹೊಟ್ಟೆ ತುಂಬಿಸಿಕೊಳ್ಳಲು ಹೋಗುವುದಕ್ಕಿಂತ ಸಿಹಿ ತಿನ್ನಲು ಹೋಗುವುದೇ ಹೆಚ್ಚು. ಒಂದೊಂದು ಬಡಾವಣೆಗೆ ವಾರದ ಒಂದೊಂದು ದಿನ ಗೊತ್ತಾಗಿರುತ್ತದೆ. ಚೆರಾಸ್‌ನ ತಾಮನ್ ಕೊನಾಟ್‌ನಲ್ಲಿ ಬುಧವಾರ. ಕಡಲೆಬೀಜ ತುಂಬಿದ ಆಪಮ್ ಬಾಲಿಕ್‌ನ ಹಿಟ್ಟಿಗೆ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಪುತು ಮಾಯಮ್ ಎಂದರೆ ನಮ್ಮ ಒತ್ತು ಶಾವಿಗೆಯೇ, ಕಾಯಿತುರಿ ಬೆಲ್ಲದ ಜೊತೆ. ಓಂದೆ-ಓಂದೆ ನನ್ನ ಮಕ್ಕಳ ಪ್ರಾಣ: ಪಂದಾನ್ ಎಂಬ ಪರಿಮಳದ ಎಲೆಯ ರಸದಲ್ಲಿ ಹಸಿರಾದ ಅಂಟಕ್ಕಿಯ ಉಂಡೆಯೊಳಗೆ ತಾಳೆಬೆಲ್ಲ. ಕಚ್ಚಿದೊಡನೆ ಕರಗಿದ ಬೆಲ್ಲ ಚಿಮ್ಮುತ್ತದೆ, ಬಾಯಿ ಮುಚ್ಚಿಕೊಂಡೇ ತಿನ್ನಬೇಕು.

ಮನೆಯಲ್ಲಿ ನಾಸಿ ಲೆಮಾಕ್ ಮಾಡಲು ಕಲಿತದ್ದು ಪಕ್ಕದ ಮನೆಯ ಮಲಯ ಅಕ್ಕನಿಂದ. ಅವರನ್ನು ಕಾಕ್ ಎಂದು ಕರೆಯುತ್ತೇನೆ, ಅಕ್ಕ ಎಂದ ಹಾಗೆಯೇ. ಎರಡು ಲೋಟ ಅಕ್ಕಿಗೆ ಒಂದು ಲೋಟ ಗಟ್ಟಿ ಸಾಂತನ್, ಒಂದೂವರೆ ಲೋಟ ನೀರು, ಉಪ್ಪು, ಜಜ್ಜಿದ ಶುಂಠಿ, ಗಂಟು ಹಾಕಿದ ಎರಡು ಪಂದಾನ್ ಎಲೆ. ಅನ್ನ ಇಷ್ಟಕ್ಕೇ ಆಗುತ್ತದೆ. ತಾಳ್ಮೆ ಬೇಕಾದದ್ದು ಸಾಂಬಲ್‌ಗೆ. ಒಣಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ, ಬೀಜ ತೆಗೆದು, ಸಣ್ಣ ಈರುಳ್ಳಿ, ಬೆಳ್ಳುಳ್ಳಿಯ ಜೊತೆ ನುಣ್ಣಗೆ ರುಬ್ಬಬೇಕು. ಧಾರಾಳ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಬೇಕು. ಮೊದಲು ನೊರೆ, ಆಮೇಲೆ ಹಸಿವಾಸನೆ ಹೋಗಿ ಬಣ್ಣ ಕಪ್ಪುಗೆಂಪಿಗೆ ತಿರುಗುತ್ತದೆ, ಕೊನೆಗೆ ಎಣ್ಣೆ ಬೇರೆಯಾಗಿ ಅಂಚಿನಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಗಿಂತ ಬೇಗ ಆಗುವ ಕೆಲಸವಲ್ಲ. ಎಣ್ಣೆ ಬಿಡುವ ಮೊದಲು ಹುಣಸೆರಸ ಹಾಕಲು ಕಾಕ್ ನನ್ನನ್ನು ಬಿಡಲಿಲ್ಲ. "ಇನ್ನೂ ಇಲ್ಲ, ಸ್ವಲ್ಪ ತಡಿ" ಎಂದು ನನ್ನ ಕೈ ಹಿಡಿದರು. ಆಮೇಲೆ ಹುಣಸೆ, ಉಪ್ಪು, ಒಂದು ತುಂಡು ಗುಲಾ ಮೆಲಾಕಾ ಎಂಬ ಬೆಲ್ಲ. ಅವರು ಬೆಲಾಚಾನ್ ಹಾಕುವ ಕಡೆ ನಾನು ಒಂದು ಚಮಚ ತೌಚು ಹಾಕುತ್ತೇನೆ. ಹುದುಗಿಸಿದ ಸೋಯಾಕಾಳಿನ ಆ ಮುದ್ದೆಯಲ್ಲಿ ಬೇಕಾದ ಉಪ್ಪು, ರುಚಿಯ ಆಳ ಎಲ್ಲ ಇದೆ. ಒಣಮೀನಿನ ಜಾಗಕ್ಕೆ ತೆಂಪೆ ಎಂಬ ಹುದುಗಿಸಿದ ಸೋಯಾಕಾಳಿನ ಗಟ್ಟಿಯನ್ನು ಕಡ್ಡಿಯಂತೆ ಹೆಚ್ಚಿ ಗರಿಗರಿಯಾಗಿ ಕರಿದು, ಹುರಿದ ಕಡಲೆಬೀಜ, ಸೌತೆಕಾಯಿ ಜೊತೆಗಿಟ್ಟರೆ ತಟ್ಟೆ ಪೂರ್ಣ. ಕಾಕ್ ತಿಂದು, ಮೀನಿಲ್ಲದ್ದು ಗೊತ್ತಾಗುತ್ತದೆ, ಆದರೂ ಇನ್ನೊಂದಿಷ್ಟು ಬಡಿಸು ಎಂದರು. ನನಗೆ ಅದಕ್ಕಿಂತ ಪ್ರಾಮಾಣಿಕ ಮೆಚ್ಚುಗೆ ಬೇಡ.

ಮಲಯರ ಹಬ್ಬಕ್ಕೆ ರುಮಾ ತೆರ್ಬುಕಾ, ಅಂದರೆ ಬಂದವರಿಗೆಲ್ಲ ಬಾಗಿಲು ತೆರೆದು ಉಣಿಸುವ ಪದ್ಧತಿ. ಹರಿರಾಯ, ಅಂದರೆ ಈದ್, ದಿನ ನಮಗೆಂದೇ ಬಿದಿರಿನ ಕೊಳವೆಯಲ್ಲಿ ಸುಟ್ಟ ಲೆಮಾಂಗ್ ಅನ್ನವನ್ನೂ ಎಳೆ ಹಲಸಿನ ರೆಂಡಾಂಗನ್ನೂ ಕಾಕ್ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿರುತ್ತಾರೆ. ದೀಪಾವಳಿಗೆ ನಮ್ಮ ಮನೆಯಲ್ಲಿ ಹೋಳಿಗೆ, ಚಕ್ಕುಲಿ, ಕೋಸಂಬರಿ. ನಮ್ಮದು ಪೂರ್ತಿ ಸಸ್ಯಾಹಾರದ ಮನೆ, ಪಾತ್ರೆಗೆ ಎಂದೂ ಹಂದಿಮಾಂಸವಾಗಲಿ ಮದ್ಯವಾಗಲಿ ಸೋಕಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಮುಸ್ಲಿಂ ನೆರೆಯವರು ನಿರಾಳವಾಗಿ ಉಣ್ಣುತ್ತಾರೆ. ಆ ಒಂದು ಮಾತನ್ನು ಹೊಸಬರು ಸಂಕೋಚವಿಲ್ಲದೆ ಹೇಳಬೇಕು.

ಈಗ ನಾನು ಮೀನಿಲ್ಲದ ಆಸಾಮ್ ಲಕ್ಸಾದ ಬೆನ್ನು ಹತ್ತಿದ್ದೇನೆ. ಹುಳಿ, ಖಾರ ಸರಿಯಾಗಿ ಬರುತ್ತಿದೆ. ಕಾಂತನ್ ಹೂವಿನ ಮೊಗ್ಗು, ಕೆಸುಮ್ ಎಲೆ, ಪುದೀನ, ಅನಾನಸ್ ಎಲ್ಲವೂ ಹೊಂದಿಕೊಂಡಿವೆ. ಮೀನು ಕರಗಿ ಸಾರಿಗೆ ಬರುವ ಮಂದವೊಂದು ಮಾತ್ರ ಇನ್ನೂ ಸಿಕ್ಕಿಲ್ಲ. ಅಣಬೆ ಬೇಯಿಸಿ ರುಬ್ಬಿ ಹಾಕಿದರೆ ಮಂದ ಬರುತ್ತದೆ, ಬಣ್ಣ ಕೆಡುತ್ತದೆ. ತೋಫು ಹಾಕಿದರೆ ಹುಳಿ ಸಪ್ಪೆಯಾಗುತ್ತದೆ. ಮುಂದಿನ ಒಂಬತ್ತು ದಿನದ ಉತ್ಸವಕ್ಕೆ ಪೆನಾಂಗ್‌ಗೆ ಹೋಗಿ, ಹಳದಿ ಬಾವುಟದ ಲಕ್ಸಾ ಗಾಡಿಯ ಮುಂದೆ ನಿಂತು ಕೇಳಿಯೇ ಬರುತ್ತೇನೆ.