ವಸಾಹತು ಕಾಲದ ಮೇಜು, ಇಂದಿನ ಕೈಯಲ್ಲಿ

1989ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ, ಮೇಲೆ ಪುಸ್ತಕದ ಕಪಾಟಿದ್ದ ಒಂದು ಬರೆಯುವ ಮೇಜು 1.21 ಕೋಟಿ ಡಾಲರಿಗೆ ಹೋಯಿತು. ಅಮೆರಿಕ ಬ್ರಿಟಿಷರ ವಸಾಹತಾಗಿದ್ದ 18ನೇ ಶತಮಾನದಲ್ಲಿ, ಅಲ್ಲಿನ ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಮಾಡಿದ್ದು. ಅಂಥದ್ದು ಬೇಕೆನ್ನುವವರಿಗೆ ಉಳಿದಿರುವ ದಾರಿ ನಕಲು. ಇಳಿಜಾರು ಮುಚ್ಚಳದ ಸರಳ ಮೇಜಿನಿಂದ ಶುರು ಮಾಡುವುದು ಒಳ್ಳೆಯದು.

ಮೊದಲು ಮರ. ಕಣ್ಣಿಗೆ ಬೀಳುವ ಕಡೆಗೆಲ್ಲ ಮಹಾಗನಿ, ಡ್ರಾಯರ್‌ಗಳ ಬದಿಗೆ ಅಲ್ಲೇ ಬೆಳೆಯುತ್ತಿದ್ದ ಮರಗಳಾದ ಟ್ಯುಲಿಪ್ ಪಾಪ್ಲರ್ ಅಥವಾ ಚೆಸ್ಟ್‌ನಟ್. ಮಹಾಗನಿ ಹಡಗಿನಲ್ಲಿ ವೆಸ್ಟ್ ಇಂಡೀಸ್ ಕಡೆಯಿಂದ ಬರುತ್ತಿದ್ದ ದುಬಾರಿ ಮಾಲು. ಒಳಗೂ ಹೊರಗೂ ಮಹಾಗನಿಯನ್ನೇ ಸುರಿದರೆ ಮೇಜು ಶ್ರೀಮಂತವಾಗಿ ಕಾಣಬಹುದು, ಆದರೆ ಅದು ಒಳ್ಳೆಯ ನಕಲಲ್ಲ.

ಆಮೇಲೆ ಪೆಟ್ಟಿಗೆ, ಅಂದರೆ ಮೇಜಿನ ಒಡಲು. ಎರಡೂ ಬದಿಗೆ ಅಗಲದ ಇಡಿ ಹಲಗೆ, ಮರದ ಎಳೆ ನೆಟ್ಟಗೆ ಮೇಲಕ್ಕೆ. ಮೇಲಿನ, ಕೆಳಗಿನ ಹಲಗೆಗಳನ್ನು ಡವ್‌ಟೇಲ್ (ಪಾರಿವಾಳದ ಬಾಲದಂಥ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಕೂಡು) ಹಾಕಿ ಕೂಡಿಸಿ. ಹವೆ ಬದಲಾದಾಗ ಮರ ಹಿಗ್ಗುವುದು, ಕುಗ್ಗುವುದು ಅಗಲದಲ್ಲಿ. ಉದ್ದದಲ್ಲಿ ಏನೇನೂ ಇಲ್ಲ ಎನ್ನಬಹುದು. ನಾಲ್ಕು ಹಲಗೆಗಳೂ ಒಂದೇ ದಿಕ್ಕಿಗೆ ಕುಗ್ಗುವುದರಿಂದ ಕೂಡು ಬಿಡುವುದಿಲ್ಲ. ತಕರಾರು ಇರುವುದು ಡ್ರಾಯರ್ ಜಾರುವ ಪಟ್ಟಿಗಳಲ್ಲಿ. ಅವು ಬದಿ ಹಲಗೆಯ ಎಳೆಗೆ ಅಡ್ಡ. ಹಿಂದಿನವರು ಸುಮ್ನೆ ಮೊಳೆ ಹೊಡೆದರು. ಎಷ್ಟೋ ಹಳೆಯ ಮೇಜುಗಳ ಬದಿ ಸೀಳಿರುವುದು ಇದರಿಂದಲೇ. ಇಲ್ಲಿ ಮಾತ್ರ ಅವರನ್ನು ನಕಲು ಮಾಡಬೇಡಿ. ಪಟ್ಟಿಯ ಮುಂದಿನ ತುದಿಗಷ್ಟೇ ಅಂಟು ಹಾಕಿ, ಹಿಂದೆ ಸ್ವಲ್ಪ ಸಂದು ಬಿಡಿ.

ಮುಚ್ಚಳಕ್ಕೂ ಇದೇ ಲೆಕ್ಕ. ಅದು ಬಾಗದಿರಲು ಎರಡೂ ತುದಿಗೆ ಅಡ್ಡಪಟ್ಟಿ ಬೇಕು. ಪಟ್ಟಿಯಲ್ಲಿ ಕೊರೆದ ತೋಡಿಗೆ ಹಲಗೆಯ ತುದಿಯ ನಾಲಿಗೆ ಕೂರಿಸಿ, ನಡುವೆ ಮಾತ್ರ ಅಂಟಿಸಿ. ಮುಂದಕ್ಕೆ ಬಿಚ್ಚಿ ಬರೆಯುವ ಹಲಗೆಯಾದ ಮುಚ್ಚಳದ ಭಾರ ಬಿಜಾಗರಿಯ ಮೇಲೆ ಬೀಳಬಾರದು, ಅಲ್ವಾ? ಅದಕ್ಕೆ ಕೆಳಗಿನಿಂದ ಹೊರಗೆ ಎಳೆಯುವ ಎರಡು ಆಸರೆ ಕಟ್ಟಿಗೆ ಇಡಿ.

ಡ್ರಾಯರ್ ತಳದ ಅಂಚು ಕೀಸಿ ತೆಳ್ಳಗೆ ಮಾಡಿ, ತೋಡಿನಲ್ಲಿ ಜಾರಿಸಿ, ಹಿಂದೆ ಮೊಳೆ ಹೊಡೆದರೆ ಸಾಕು. ಕಾಗದ ಇಡುವ ಗೂಡುಗಳನ್ನು ಕೊನೆಗೆ, ಪೆಟ್ಟಿಗೆಯ ಒಳಗಿನ ಅಳತೆ ಹಿಡಿದು ಮಾಡಿ. ನಡುವಿನ ಪುಟ್ಟ ಬಾಗಿಲಿನ ಅಕ್ಕಪಕ್ಕ ಕಂಬದಂತೆ ಕಾಣುವ ಎರಡು ಖಾನೆಗಳಿರಲಿ. ಎಳೆದರೆ ಪತ್ರ ಬಚ್ಚಿಡುವ ಪೆಟ್ಟಿಗೆ! ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಡುವುದು ಇದೇ.

ಹಿತ್ತಾಳೆ ಹಿಡಿಗಳನ್ನು ಕೊಂಡುಕೊಳ್ಳಿ. ಆ ಕಾಲದವರೂ ಇಂಗ್ಲೆಂಡಿನಿಂದ ತರಿಸುತ್ತಿದ್ದರು. ಪಾಲಿಶ್‌ಗೆ ಮುಂಚೆ ಡ್ರಾಯರ್ ತಳದಲ್ಲಿ ನಿಮ್ಮ ಹೆಸರು, ಇಸವಿ ಕೆತ್ತಿಬಿಡಿ. ಮುಂದೆ ಯಾರೂ ಇದನ್ನು ಅಸಲಿ ಎಂದು ಮಾರಬಾರದು.